ಸಮುದ್ರದ ನಡುವೆ ಪುಕ್ಕಟೆ ಪೆಟ್ರೋಲ್ ಬಂಕ್

2008ರ ಜನವರಿ 11, ಶುಕ್ರವಾರ. ಬೆಳಗಿನಿಂದ ಸರ್ವರ್ ಕೈಕೊಟ್ಟಿತ್ತು. ಅದನ್ನು ಸರಿಮಾಡಿ ನಾನು, ನಮ್ಮ ಬುಚೋ ಊಟಕ್ಕೆ ಹೊರಟಾಗ ಮಧ್ಯಾಹ್ನ ಕಳೆಯುತ್ತಾ ಬಂದಿತ್ತು. ಬುಚೋ ಅಂದರೆ ವಿಭಾಗದ ಮುಖ್ಯಸ್ಥರು. ಜಪಾನಿನ ಆಫೀಸುಗಳಲ್ಲಿ ಹುದ್ದೆಯಿಂದಲೇ ಕರೆಯುವುದು ರೂಢಿ.

ಟೋಕಿಯೊದ ಶಿಂಬಾಶಿಯ ಒಂದು ಗಲ್ಲಿಯಲ್ಲಿ ನಮ್ಮ ಸೋಬಾ ಅಂಗಡಿ. ಸೋಬಾ ಅಂದರೆ ಸಾರಿನಲ್ಲಿ ಹಾಕಿ ಕೊಡುವ ನೂಡಲ್ಸ್. ಆರೇ ಮೇಜು. ನಡುವೆ ಸೀಮೆಎಣ್ಣೆ ಹೀಟರ್. ಆ ವಾಸನೆ ಬಡಿದರೆ ನನಗೆ ತೀರ್ಥಹಳ್ಳಿಯ ನ್ಯಾಯಬೆಲೆ ಅಂಗಡಿಯ ಕ್ಯೂ ನೆನಪಾಗುತ್ತಿತ್ತು. ಸೋಬಾ ಸಾರಿನಲ್ಲಿ ಮೀನು ಇರುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ಆರು ತಿಂಗಳು ತಿಂದಾಗಿತ್ತು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮೂಲೆಯ ಟೀವಿಯಲ್ಲಿ ಸಂಸತ್ತು. ಸದಸ್ಯರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿ ಮರದ ಚೀಟಿ ಕೊಟ್ಟು ಬರುತ್ತಿದ್ದರು. ಬಿಳಿ ಅಂದರೆ ಹೌದು, ನೀಲಿ ಅಂದರೆ ಬೇಡ. ರೋಬೋಟ್ ಮಾಡುವ ದೇಶದಲ್ಲಿ ಮರದ ಚೀಟಿ!

ವಿಷಯ ಹಿಂದೂ ಮಹಾಸಾಗರದ್ದು. ಅಫ್ಘಾನಿಸ್ತಾನದ ಯುದ್ಧ ಶುರುವಾದ ಮೇಲೆ, 2001ರ ಡಿಸೆಂಬರಿನಿಂದ, ಜಪಾನಿನ ಹಡಗುಗಳು ಅಲ್ಲಿ ನಿಂತು ಅಮೆರಿಕ ಮತ್ತು ಅದರ ಜೊತೆಗಾರರ ಹಡಗುಗಳಿಗೆ ಇಂಧನ ತುಂಬುತ್ತಿದ್ದವು. 11 ದೇಶಗಳಿಗೆ, ಸುಮಾರು 49 ಕೋಟಿ ಲೀಟರ್. ಅದೂ ಪುಕ್ಕಟೆ. ಪಾಕಿಸ್ತಾನದ ಹಡಗಿಗೂ ಸಿಗುತ್ತಿತ್ತು, ಅದನ್ನು ಓದಿದ ದಿನ ನಾನು ಸುಮ್ನೆ ನಕ್ಕಿದ್ದೆ. 2007ರ ಜುಲೈ ಚುನಾವಣೆಯಲ್ಲಿ ಮೇಲ್ಮನೆ ವಿರೋಧ ಪಕ್ಷದ ಕೈಗೆ ಹೋಯಿತು. ಅದರ ನಾಯಕ ಒಜಾವಾ ಇದಕ್ಕೆ ಒಪ್ಪಲಾರೆ ಅಂದರು. ಪ್ರಧಾನಿ ಅಬೆ ಇದನ್ನು ಮುಂದುವರಿಸಲು ಕುರ್ಚಿಯನ್ನೇ ಪಣಕ್ಕಿಡುವ ಮಾತಾಡಿದರು, ಮೂರೇ ದಿನದಲ್ಲಿ, ಸೆಪ್ಟೆಂಬರ್ 12ಕ್ಕೆ, ರಾಜೀನಾಮೆ ಕೊಟ್ಟರು. ಹೊಟ್ಟೆಯ ಕಾಯಿಲೆ ಕಾರಣ ಅಂತ ಆಮೇಲೆ ಹೇಳಿದರು. ನವೆಂಬರ್ ಶುರುವಿಗೆ ಕಾನೂನಿನ ಅವಧಿ ಮುಗಿದು ಹಡಗುಗಳು ವಾಪಸ್ ಹೊರಟವು. ಈಗ ಹೊಸ ಪ್ರಧಾನಿ ಫುಕುದಾ ಹೊಸ ಮಸೂದೆ ತಂದಿದ್ದರು. ಅವತ್ತೇ ಮೇಲ್ಮನೆ ಅದನ್ನು ತಳ್ಳಿಹಾಕಿತ್ತು. ಕೆಳಮನೆ ಮೂರನೇ ಎರಡು ಬಹುಮತದಿಂದ ಮತ್ತೆ ಪಾಸು ಮಾಡುತ್ತಿತ್ತು.

"ಬುಚೋ, ಕೊಡುವುದು ಬರೀ ಎಣ್ಣೆ ತಾನೇ? ಗುಂಡು ಹಾರಿಸುವವರು ಬೇರೆ. ಇಷ್ಟೊಂದು ಜಗಳ ಯಾಕೆ?" ಅಂತ ಕೇಳಿದೆ.

ಅವರು ಚಾಪ್‌ಸ್ಟಿಕ್ ಕೆಳಗಿಟ್ಟರು. "ಹೊಡೆದಾಟಕ್ಕೆ ಹೊರಟವರ ಗಾಡಿಗೆ ಪೆಟ್ರೋಲ್ ಹಾಕಿಸಿಕೊಟ್ಟವನನ್ನ ನಿಮ್ಮೂರಲ್ಲಿ ಏನಂತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಜಪಾನಿನ ಸಂವಿಧಾನದ 9ನೇ ವಿಧಿ ಯುದ್ಧವನ್ನೇ ಕೈಬಿಟ್ಟಿದೆ. ಹಾಗಾದರೆ ಇವರು ವಿರೋಧಿ ಅಂದುಕೊಂಡೆ. ಅಷ್ಟರಲ್ಲಿ ಅವರೇ ಮಾತು ತಿರುಗಿಸಿದರು.

"1991ರಲ್ಲಿ ನಾನು ಹೊಸದಾಗಿ ಮದುವೆಯಾಗಿದ್ದೆ. ಕುವೈತ್ ಯುದ್ಧಕ್ಕೆ ನಾವು 1,300 ಕೋಟಿ ಡಾಲರ್ ಕೊಟ್ವಿ. ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪೇಪರಿನಲ್ಲಿ ಥ್ಯಾಂಕ್ಸ್ ಹೇಳ್ತು. ಆ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ದುಡ್ಡು ಕೊಟ್ಟು ಮರ್ಯಾದೆ ಕಳ್ಕೊಂಡ ಹಾಗಾಯ್ತು."

ಅಂದರೆ ಎರಡೂ ಕಡೆ ಅವರೇ ವಾದ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಅಲ್ಲಿ ನಾನು ಮಾತಾಡಿಸಿದ ಹೆಚ್ಚಿನವರು ಹೀಗೇ ಇದ್ದರು. ಅವರನ್ನು ಕೆರಳಿಸಿದ್ದು ಎಣ್ಣೆಗಿಂತ ಲೆಕ್ಕ. 2003ರ ಫೆಬ್ರವರಿಯಲ್ಲಿ ಜಪಾನಿನ ಹಡಗು ಕೊಟ್ಟ ಎಣ್ಣೆ ಅಮೆರಿಕದ ಕಿಟ್ಟಿ ಹಾಕ್ ವಿಮಾನವಾಹಕ ನೌಕೆಗೆ ಸೇರಿ, ಇರಾಕ್ ಯುದ್ಧಕ್ಕೆ ಖರ್ಚಾಯಿತೇ ಎಂಬ ಅನುಮಾನ. ಸರ್ಕಾರ ಮೊದಲು 2 ಲಕ್ಷ ಗ್ಯಾಲನ್ ಅಂದಿತ್ತು. ನಾಲ್ಕು ವರ್ಷದ ಮೇಲೆ ಅದು 8 ಲಕ್ಷ ಆಯಿತು. ಅಂದು ಆ ತಪ್ಪು ಲೆಕ್ಕವನ್ನು ಪತ್ರಕರ್ತರಿಗೆ ಹೇಳಿದ್ದವರು ಇದೇ ಫುಕುದಾ, ಆಗ ಅವರು ಸಂಪುಟದ ಮುಖ್ಯ ಕಾರ್ಯದರ್ಶಿ.

ಟೀವಿಯಲ್ಲಿ ಎಣಿಕೆ ಬಂತು. ಪರ 340, ವಿರೋಧ 133. ಮೇಲ್ಮನೆಯ ಮಾತನ್ನು ಕೆಳಮನೆ ಹೀಗೆ ಮೀರಿದ್ದು 57 ವರ್ಷಗಳಲ್ಲಿ ಮೊದಲ ಸಲವಂತೆ. 1951ರಲ್ಲಿ ಮೀರಿದ್ದು ಮೋಟಾರ್ ಬೋಟ್ ರೇಸಿನ ಜೂಜಿನ ಕಾನೂನಿಗೆ! ಇನ್ನು, ಇಷ್ಟು ದಿನ ವಿರೋಧಿಸಿದ್ದ ಒಜಾವಾ ವೋಟು ಹಾಕದೇ ಸಭೆಯಿಂದ ಎದ್ದು ಒಸಾಕಾದ ಚುನಾವಣಾ ಪ್ರಚಾರಕ್ಕೆ ಹೊರಟಿದ್ದರು.

"ಇದಕ್ಕಾ ನಾವು ನಾಲ್ಕು ತಿಂಗಳು ಪೇಪರ್ ಓದಿದ್ದು?" ಅಂದರು ಬುಚೋ. ಅವರು ಸಿಟ್ಟಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸರ್ವರ್ ಬಿದ್ದಾಗಲೂ ಸಿಟ್ಟಾದವರಲ್ಲ.

ಅಷ್ಟರಲ್ಲಿ ಹೀಟರ್ ಆರಿತು. ಅಂಗಡಿಯ ಓಬಾಸಾನ್, ಅಂದರೆ ಅಂಗಡಿಯ ಹಿರಿಯ ಹೆಂಗಸು, ಸೀಮೆಎಣ್ಣೆಯ ಕೆಂಪು ಡಬ್ಬ ಹೊತ್ತು ತಂದರು. ಆ ಚಳಿಗಾಲದಲ್ಲಿ ಸೀಮೆಎಣ್ಣೆ ಬೆಲೆ ಸಿಕ್ಕಾಪಟ್ಟೆ ಏರಿತ್ತು. "ನಮಗೆ ಲೀಟರ್ ಲೆಕ್ಕ. ಅವರಿಗೆ ಪುಕ್ಕಟೆ ಬಂಕ್," ಅಂತ ಟೀವಿಯ ಕಡೆ ಗದ್ದ ತೋರಿಸಿದರು. ವಿರೋಧ ಮಾಡುವವರು ಆ ಹಡಗುಗಳಿಗೆ ಇಟ್ಟ ಹೆಸರೇ ಅದು.

ಬುಚೋ ಕೋಟು ಬಿಚ್ಚಿ, ತೋಳು ಮಡಿಸಿ, ಕೈಪಂಪು ಹಿಡಿದರು. ಡಬ್ಬ ಅಲ್ಲಾಡದಂತೆ ನಾನು ಹಿಡಿದುಕೊಂಡೆ.

"ಎಷ್ಟು ಹಾಕಿದ್ರಿ ಅಂತ ಸರಿಯಾಗಿ ಬರೆದಿಡಿ," ಅಂದರು ಓಬಾಸಾನ್.