ಕಾಫಿ ತೂಗುವ ಹೊತ್ತಿನಲ್ಲಿ ಕಲಿತದ್ದು

ನಾನು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ಗೊಬ್ಬರದ ಲೆಕ್ಕ, ಬಟವಾಡೆ ಎಲ್ಲ ನನ್ನ ಕೈಯಲ್ಲೇ. ಆದರೆ ಕುಯ್ಲು ಶುರುವಾದ ಮೇಲೆ ಸಂಜೆಯ ತೂಕಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಬೆಳಿಗ್ಗೆಯಿಂದ ಗಿಡ ಗಿಡ ಸುತ್ತಿ ಕುಯ್ದದ್ದೆಲ್ಲ ಕೊನೆಗೆ ಒಂದು ಅಂಕಿ ಆಗುತ್ತದೆ. ಆ ಅಂಕಿ ಬರೆಯುವವನು ನಾನು. ಕ್ರೈಸ್ತನಾಗಿ ಪ್ರಾಮಾಣಿಕವಾಗಿ ಬದುಕುವುದು ಹೇಗೆ ಅಂತ ಯಾರಾದರೂ ಕೇಳಿದರೆ, ನನಗೆ ಮೊದಲು ನೆನಪಾಗುವುದು ಅದೇ.

ಹಿಂದೆ ನಾನಿದ್ದ ಒಂದು ತೋಟದಲ್ಲಿ ಚೀಲದ ತೂಕ ಅಂತ ಮೂಟೆಗೆ 1 ಕೆ.ಜಿ. ಕಳೆಯುವ ವಾಡಿಕೆ ಇತ್ತು. ಗೋಣಿಚೀಲದ ಕಾಲದ ಲೆಕ್ಕ ಅದು. ಈಗ ಎಲ್ಲರೂ ತರುವುದು ಗೊಬ್ಬರದ ಪ್ಲಾಸ್ಟಿಕ್ ಚೀಲ. ಅದು 200 ಗ್ರಾಂ ಕೂಡ ತೂಗುವುದಿಲ್ಲ. ಉಳಿದ 800 ಗ್ರಾಂ ಯಾರದು? 40 ಜನ, ತಲಾ 2 ಮೂಟೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 64 ಕೆ.ಜಿ. ಹಣ್ಣನ್ನು ಬಿಟ್ಟಿ ಕುಯ್ಯಿಸಿಕೊಂಡ ಹಾಗಾಯಿತು ಅಲ್ವಾ? ತೂಕದ ಮಿಷನ್‌ನಲ್ಲಿ ಯಾವ ದೋಷವೂ ಇರಲಿಲ್ಲ. ವರ್ಷಕ್ಕೊಮ್ಮೆ ಇಲಾಖೆಯವರು ಹಾಕುವ ಮುದ್ರೆಯೂ ಅದರ ಮೇಲಿತ್ತು. ಯಾರೂ ಬಾಯಿಬಿಟ್ಟು ಸುಳ್ಳು ಹೇಳುತ್ತಿರಲಿಲ್ಲ. ಮೋಸ ವಾಡಿಕೆಯೊಳಗೇ ಸೇರಿಹೋಗಿತ್ತು. ಹಾಗಾಗಿ ಯಾರ ಮನಸ್ಸಿಗೂ ಅದು ಚುಚ್ಚುತ್ತಿರಲಿಲ್ಲ.

ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತದೆ, ಕೊಯ್ದವರ ಕೂಗು ದೇವರ ಕಿವಿಗೆ ಬೀಳುತ್ತದೆ ಅಂತ. ಕುಯ್ಲಿನವರ ಬಗ್ಗೆಯೇ ಬರೆದ ಮಾತು. ತೋಟದಲ್ಲಿ ಕೆಲಸ ಮಾಡುವ ನಾನು ಅದನ್ನು ಓದಿ ಸುಮ್ನೆ ಪುಟ ತಿರುಗಿಸಲು ಆಗುವುದಿಲ್ಲ.

ಈಗಿನ ತೋಟಕ್ಕೆ ಬಂದಾಗ ಮೊದಲೇ ಮಾಲೀಕರ ಹತ್ತಿರ ಈ ವಿಷಯ ಎತ್ತಿದೆ. ಸರಿಯಾಗಿ ತೂಗಿದರೆ ಲಾಭ ಬರುತ್ತದೆ ಅಂತ ನಾನು ಆಸೆ ತೋರಿಸಲಿಲ್ಲ. ಖರ್ಚು ಜಾಸ್ತಿ ಆಗುತ್ತದೆ, ಆದರೆ ಅದು ಕುಯ್ದವರ ದುಡ್ಡು ಅಂದೆ. ಸ್ವಲ್ಪ ಯೋಚಿಸಿ ಒಪ್ಪಿದರು. ಈಗ ಖಾಲಿ ಚೀಲ ಇಟ್ಟು, ಅದರ ತೂಕ ಕಳೆಯುವ ಟೇರ್ ಗುಂಡಿ ಒತ್ತಿ, ಸೊನ್ನೆ ಬಂದ ಮೇಲೆಯೇ ತೂಕ. 38.6 ಬಂದರೆ 38.6 ಅಂತಲೇ ಬರೆಯುತ್ತೇನೆ. ಮಿಷನ್‌ನ ಮುಖ ಮೂಟೆ ತಂದವರ ಕಡೆಗೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ನನ್ನ ಕನ್ನಡದ ಚೀಟಿ ಓದಲು ಬರುವುದಿಲ್ಲ, ಅಂಕಿ ಗೊತ್ತಾಗುತ್ತದೆ. ಕೆಲವರು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಇದಕ್ಕೆ ಬೇಜಾರು ಮಾಡಿಕೊಳ್ಳುವ ರೈಟರ್‌ಗಳನ್ನು ನೋಡಿದ್ದೇನೆ. ತಮ್ಮ ಕೂಲಿಯನ್ನು ತಾವು ನೋಡಿಕೊಂಡರೆ ನಮಗೇನು ನಷ್ಟ?

ಇದಕ್ಕಿಂತ ಕಷ್ಟದ್ದು ಬೇರೆ ಇದೆ. ಬಡವರ ಪರ ನಿಂತುಬಿಟ್ಟರೆ ನ್ಯಾಯ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಹಾಗೆ ಹೇಳುವುದಿಲ್ಲ. ನ್ಯಾಯ ತೀರಿಸುವಾಗ ಬಡವನೆಂದು ಪಕ್ಷಪಾತ ಬೇಡ, ದೊಡ್ಡವನೆಂದು ಮುಖ ನೋಡುವುದೂ ಬೇಡ ಅನ್ನುತ್ತದೆ. ನ್ಯಾಯವಾದ ತಕ್ಕಡಿಯ ಮಾತು ಬರುವುದೂ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದೂ ಅದೇ ಅಧ್ಯಾಯದಲ್ಲೇ.

ಹೋದ ಕುಯ್ಲಿನಲ್ಲಿ ಒಬ್ಬಾಕೆ ತಂದ ಮೂಟೆ ಸುರಿದಾಗ ಮೇಲೆ ಕೆಂಪು ಹಣ್ಣು, ಅಡಿಯಲ್ಲಿ ಎಲೆ ಸಮೇತ ಹಸಿರು ಕಾಯಿ. ಮನೆಯಲ್ಲಿ ಮಗುವಿಗೆ ಜ್ವರ. ಬೇಗ ಹೋಗಬೇಕು ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಉದುರಿಸಿದ್ದಳು. ಹಸಿರು ಕಾಯಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್‌ಗೆ ಹೋದರೆ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಕಾಫಿಯ ರುಚಿಯೂ ಕೆಡುತ್ತದೆ. ಹೋಗಲಿ ಬಿಡು ಅಂತ ತೂಗಿಬಿಡಬಹುದಿತ್ತು. ಆದರೆ ಪಕ್ಕದ ಸಾಲಿನಲ್ಲಿ ಒಂದೊಂದೇ ಹಣ್ಣು ನೋಡಿ ಕುಯ್ದವಳ ಮೂಟೆ ಅವಳದ್ದಕ್ಕಿಂತ ಚಿಕ್ಕದಿತ್ತು. ನಾನೂ ಆ ಮಗುವಿನ ತಾಯಿಯೂ ಟಾರ್ಪಾಲಿನ ಮೇಲೆ ಕೂತು ಕಾಯಿ, ಎಲೆ ಆರಿಸಿದೆವು. ಉಳಿದದ್ದನ್ನು ತೂಗಿ ಬರೆದೆ. ಆಸ್ಪತ್ರೆ ಖರ್ಚಿಗೆ ಅಂತ ನನ್ನ ಜೇಬಿನಿಂದ ಸ್ವಲ್ಪ ಕೊಟ್ಟೆ, ತೋಟದ ಜೀಪಿನಲ್ಲಿ ಕಳಿಸಿಕೊಟ್ಟೆವು. ದಯೆ ತೋರಿಸುವುದಾದರೆ ನನ್ನ ದುಡ್ಡಿನಲ್ಲಿ ತೋರಿಸಬೇಕು. ಮಾಲೀಕರ ತೂಕದಲ್ಲಿ ತೋರಿಸುವ ಹಕ್ಕು ನನಗಿಲ್ಲ.

ಬಟವಾಡೆಯ ವಿಷಯದಲ್ಲಿ ಇನ್ನೂ ಕೆಲಸ ಬಾಕಿ ಇದೆ. ಕೂಲಿಯವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ, ಹೊತ್ತು ಮುಳುಗುವ ಮುಂಚೆ ಕೊಡು ಅನ್ನುತ್ತದೆ ಧರ್ಮೋಪದೇಶಕಾಂಡ. ನಮ್ಮಲ್ಲಿ ವಾರಕ್ಕೊಮ್ಮೆ. ವಾರ ತಪ್ಪದಂತೆ ನೋಡಿಕೊಳ್ಳುತ್ತೇನೆ. ಆದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ ಅವರ ಊರಿನಲ್ಲೇ ಕೊಟ್ಟು ಬಂದ ಮುಂಗಡದ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಎಷ್ಟು ಕೊಟ್ಟ, ಎಷ್ಟು ಹಿಡಿದ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ಲೆಕ್ಕವೂ ನಮ್ಮ ಪುಸ್ತಕಕ್ಕೆ ಬರಲಿ, ಅವರೆದುರೇ ಓದಿ ಹೇಳೋಣ ಅಂತ ಮಾಲೀಕರಿಗೆ ಹೇಳಿದ್ದೇನೆ. ಅರೇಬಿಕಾ ಕಾಫಿ ಹಣ್ಣಾಗುವ ಮುಂಚೆ ಮೇಸ್ತ್ರಿಯನ್ನೂ ಕೂರಿಸಿಕೊಂಡು ಮಾತಾಡೋಣ ಅಂದಿದ್ದಾರೆ.