ಕೈಯಲ್ಲಿ ಮಂತ್ರ ಇದೆ, ಮಾನಾ ಇಲ್ಲ
14 ಜೂನ್ 2025, ಶನಿವಾರ, ರಾತ್ರಿ

ಮ್ಯಾಜಿಕ್ ಕಾರ್ಡ್ ಆಟದಲ್ಲಿ ಮಂತ್ರ ಹಾಕೋಕೆ ಖರ್ಚು ಮಾಡೋ ಶಕ್ತಿಗೆ ಮಾನಾ ಅಂತಾರೆ. ಆ ಮಾನಾ ನಿಯಮವನ್ನು ನಮ್ಮ ಡಿ ಅಂಡ್ ಡಿಗೂ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡೋ ಆಟ) ತರೋಣ ಅಂತ ತಮ್ಮ ಈಚೆಗೆ ಒಂದೇ ಸಮ ತಲೆ ತಿನ್ನುತ್ತಿದ್ದ. ಇವತ್ತು ಅತ್ತಿಗೆಯೂ ಅವನ ಕಡೆ ಸೇರಿಕೊಂಡರು. ಸರಿ, ಒಂದು ಗುಹೆ, ಒಂದು ಮರದ ಸೇತುವೆ, ಆಚೆ ಕಡೆ ಓರ್ಕ್ ಅನ್ನೋ ರಾಕ್ಷಸರ ದಂಡು, ಇಷ್ಟೇ ಇಟ್ಟುಕೊಂಡು ಆಡಿ ನೋಡಿದೆವು.

"ಎರಡೂ ಒಂದೇ ಕಂಪನಿಯ ಆಟ ಅಕ್ಕ, ಅವರೇ ಸೇರಿಸಿದ್ದಾರೆ, ನಿನ್ನದೇನು ತಕರಾರು?" ಅಂತಾನೆ. ಸೇರಿಸಿದ್ದಾರೆ, ನಿಜ. ಮ್ಯಾಜಿಕ್‌ನ ಲೋಕಗಳು ಡಿ ಅಂಡ್ ಡಿಗೆ ಬಂದಿವೆ, 2018ರಲ್ಲಿ ರಾವ್ನಿಕಾ ಬಂತು, 2020ರಲ್ಲಿ ಥೆರೋಸ್ ಬಂತು. ಆದರೆ ಬಂದಿದ್ದು ಊರು, ದೇವರು, ರಾಕ್ಷಸರು. ಮಾನಾ ಕೊಡೋ ಲ್ಯಾಂಡ್ ಕಾರ್ಡ್‌ಗಳನ್ನು ಅವರು ಅಲ್ಲೇ ಬಿಟ್ಟು ಬಂದರು, ಸುಮ್ಮನೆ ಬಿಟ್ಟಿರಲಾರರು ಅಲ್ವಾ?

60 ಕಾರ್ಡಿನ ಡೆಕ್‌ನಲ್ಲಿ 24 ಲ್ಯಾಂಡ್ ಹಾಕಿದರೂ ನೂರಕ್ಕೆ ಎರಡು ಸಲ ಮೊದಲ ಏಳು ಕಾರ್ಡಿನಲ್ಲಿ ಒಂದೂ ಲ್ಯಾಂಡ್ ಇರಲ್ಲ. ಕಾರ್ಡ್ ಆಟದಲ್ಲಾದರೆ ಕಾರ್ಡ್ ವಾಪಸ್ ಹಾಕಿ ಬೇರೆ ತಗೋಬಹುದು, ತೀರಾ ಸೋತರೂ ಕಲಸಿ ಇನ್ನೊಂದು ಆಟ ಶುರು. ಇಲ್ಲಿ ಹಾಗಲ್ಲ. ವರ್ಷಗಟ್ಟಲೆ ಆಡಿಕೊಂಡು ಬಂದ ಪಾತ್ರ, ಎದುರಿಗೆ ಓರ್ಕ್, ಕೈತುಂಬಾ ಮಂತ್ರ, ಹಾಕೋಕೆ ಮಾನಾ ಇಲ್ಲ. ಸತ್ತರೆ ಅತ್ತಾದರೂ ಬಿಡಬಹುದು. ಸಾಯದೆ ಮೂರು ಗಂಟೆ ಬೇರೆಯವರ ಆಟ ನೋಡ್ತಾ ಕೂರೋದಿದೆಯಲ್ಲ, ಅದು ಬೇಡಪ್ಪ.

ಅದಕ್ಕೇ ಲ್ಯಾಂಡ್ ಕಾರ್ಡನ್ನೇ ತೆಗೆದುಹಾಕಿದೆ. ಕೈಯಲ್ಲಿರುವ ಯಾವ ಮಂತ್ರದ ಕಾರ್ಡನ್ನಾದರೂ ಮಾನಾ ಅಂತ ಇಡಬಹುದು, ಸರದಿಗೆ ಒಂದೇ. ಇಟ್ಟ ಮಂತ್ರ ಸದ್ಯಕ್ಕೆ ಮತ್ತೆ ಕೈಗೆ ಬರಲ್ಲ. ಹೊಸದೇನಲ್ಲ, ಡ್ಯುಯಲ್ ಮಾಸ್ಟರ್ಸ್ ಅನ್ನೋ ಕಾರ್ಡ್ ಆಟ ಆಡಿದವರಿಗೆ ಗೊತ್ತು.

ಇದು ಇಷ್ಟು ಕೆಲಸ ಮಾಡುತ್ತೆ ಅಂತ ಅಂದುಕೊಂಡಿರಲಿಲ್ಲ.

ತಮ್ಮನ ಯೋಧನಿಗೆ ಇನ್ನೊಂದು ಏಟು ಬಿದ್ದರೆ ಮುಗೀತು. ಅತ್ತಿಗೆಯ ಪೂಜಾರಿಣಿ ಕೈಯಲ್ಲಿ ಎರಡೇ ಕಾರ್ಡ್: ಗಾಯ ಮಾಯಿಸುವ ಮಂತ್ರ, ಬೆಂಕಿ ಮಂತ್ರ. ಬೆಂಕಿಗೆ ಮೂರು ಮಾನಾ ಬೇಕು, ಎರಡಿದೆ. ಅತ್ತಿಗೆ ಎರಡೂ ಕಾರ್ಡ್ ಅತ್ತಿತ್ತ ಮಾಡಿದರು, ಒಮ್ಮೆ ಅವನ ಮುಖ ನೋಡಿದರು, ಗಾಯದ ಮಂತ್ರವನ್ನು ಮಗುಚಿ ಇಟ್ಟುಬಿಟ್ಟರು.

"ಅತ್ತಿಗೆ! ಅದು ನನಗೆ ಅಂತ ಇಟ್ಟಿದ್ದಲ್ವಾ?"

"ಸೇತುವೆ ಉಳಿದರೆ ಎಲ್ಲರೂ ಸಾಯ್ತೀವಿ. ನೀನು ಸ್ವಲ್ಪ ತಡ್ಕೊ."

ಸೇತುವೆ ಸುಟ್ಟುಹೋಯ್ತು. ಇವನು ನಿಜವಾಗಲೂ ಮುನಿಸಿಕೊಂಡ. ಆಮೇಲೆ ಆಟದೊಳಗೇ, ಯೋಧನ ದನಿಯಲ್ಲೇ ಪೂಜಾರಿಣಿ ಜೊತೆ ಜಗಳಕ್ಕೆ ನಿಂತ. ನಾನು ಡಿಎಂ, ಅಂದರೆ ಆಟ ನಡೆಸೋಳು, ಬಾಯಿ ಬಿಡಲಿಲ್ಲ. ಮಂತ್ರ ಖಾಲಿಯಾದರೆ ಮಲಗಿ ಎದ್ದರೆ ವಾಪಸ್ ಬರುತ್ತೆ ಅನ್ನೋ ಮಾಮೂಲಿ ಲೆಕ್ಕದಲ್ಲಿ ಈ ಜಗಳ ಯಾವತ್ತೂ ಹುಟ್ಟುತ್ತಿರಲಿಲ್ಲ.

ಮ್ಯಾಜಿಕ್‌ನ ಸ್ಟ್ಯಾಕ್ ನಿಯಮ ಮಾತ್ರ ಬೇಡ. ನೀನು ಮಂತ್ರ ಹಾಕು, ಅದಕ್ಕೆ ನಾನು ತಡೆ, ನನ್ನ ತಡೆಗೆ ಇನ್ನೊಬ್ಬರ ತಡೆ, ಕೊನೆಗೆ ಹಾಕಿದ್ದು ಮೊದಲು ನಡೆಯುತ್ತೆ. ಇಬ್ಬರು ಎದುರುಬದುರು ಕೂತಾಗ ಅದರಷ್ಟು ಚೆಂದ ಇನ್ನೊಂದಿಲ್ಲ. ಐದು ಜನರ ಮೇಜಿನಲ್ಲಿ ಒಂದು ಬಾಣ ಗುರಿ ಮುಟ್ಟೋಕೆ ಅರ್ಧ ಗಂಟೆ ಆಗುತ್ತೆ. ಸುತ್ತಿಗೆ ಒಬ್ಬರಿಗೆ ಒಂದೇ ರಿಯಾಕ್ಷನ್ (ಬೇರೆಯವರು ಮಾಡಿದ್ದಕ್ಕೆ ಕೂಡಲೇ ಕೊಡೋ ಉತ್ತರ) ಅಂತ ಡಿ ಅಂಡ್ ಡಿಯಲ್ಲಿ ಇರೋದೇ ಸಾಕು.

ಮ್ಯಾಜಿಕ್‌ನಲ್ಲಿ ಮಾನಾಗೆ ಇರೋ ಐದು ಬಣ್ಣಗಳ ವಿಷಯ ಇನ್ನೂ ಎತ್ತಿಲ್ಲ. ತಮ್ಮನಿಗೆ ಕೆಂಪು ಬೇಕಂತೆ, ಕೋಪ ಜಾಸ್ತಿ ಇರೋದಕ್ಕೆ ಸರಿಹೋಗುತ್ತೆ.

ಈಗ ಉಳಿದಿರೋ ಪ್ರಶ್ನೆ, ಮಗುಚಿಟ್ಟ ಕಾರ್ಡ್ ಯಾವಾಗ ವಾಪಸ್ ಬರಬೇಕು ಅನ್ನೋದು. ಪಾತ್ರ ಮಲಗಿ ಎದ್ದ ಕೂಡಲೇ ಬರಲಿ ಅಂತ ತಮ್ಮ. ಊರು ತಲುಪುವವರೆಗೂ ಬೇಡ ಅಂತ ಅತ್ತಿಗೆ, ಇಟ್ಟಿದ್ದು ಅವರೇ ಆದರೂ. ಹಾಗೆ ಮಾಡಿದರೆ ದೂರದ ಪಯಣದಲ್ಲಿ ಮಾನಾ ಏರುತ್ತಾ ಹೋಗುತ್ತೆ, ಮಂತ್ರ ಕಮ್ಮಿಯಾಗುತ್ತಾ ಹೋಗುತ್ತೆ, ಕೊನೆಗೆ ಡ್ರ್ಯಾಗನ್ ಮುಂದೆ ನಿಲ್ಲೋ ಹೊತ್ತಿಗೆ ಶಕ್ತಿ ಬೇಕಾದಷ್ಟು, ಕೈಯಲ್ಲಿ ಒಂದೇ ಒಂದು ಮಂತ್ರ.