ಸಿಪಿಆರ್ ಗೊಂಬೆ: ಕೈ ಬಿಟ್ಟರೂ ಆರದ ಕೆಂಪು ದೀಪ

ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವುದೇ ಸಿಪಿಆರ್. ಅದರ ಅಭ್ಯಾಸಕ್ಕೆ ನಾನು ಮಾಡಿದ ಗೊಂಬೆಯ ತೊಂದರೆ ಕೊನೆಗೂ ಸಿಕ್ಕಿತು! ತೊಂದರೆ ಇದ್ದದ್ದು ಸ್ಪ್ರಿಂಗ್‌ನಲ್ಲಲ್ಲ, ಕೋಡ್‌ನಲ್ಲೂ ಅಲ್ಲ. ಭಾರದ ಸೆನ್ಸರ್‌ನ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡ್‌ನಲ್ಲಿ, ಅದರ ಚಿಪ್‌ನ 15ನೇ ಪಿನ್‌ನಲ್ಲಿ.

ಪೆಟ್ಟಿಗೆ, ಎದೆಯ ಪ್ಲೇಟು, ಫೋಮ್ ಎಲ್ಲ ಮಾಮೂಲಿ, ಬಿಡಿ. ಆಳ ಸರಿಯಾಗಿ ಬರುತ್ತಿತ್ತು: 5ರಿಂದ 6 ಸೆಂ.ಮೀ. ಒತ್ತಿದರೆ ಹಸಿರು. ವೇಗವೂ ಸರಿ, ನಿಮಿಷಕ್ಕೆ 100ರಿಂದ 120. ಕಾಡಿದ್ದು ಕೈ ಬಿಡುವ ಭಾಗ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬಂದರೆ ಮಾತ್ರ ಹೃದಯಕ್ಕೆ ರಕ್ತ ವಾಪಸ್ ಚೆನ್ನಾಗಿ ತುಂಬುತ್ತದೆ. ಮೈಭಾರ ಬಿಟ್ಟು ಅಲ್ಲೇ ಒರಗಿದರೆ ಸರಿಯಾಗಿ ತುಂಬುವುದಿಲ್ಲ. ಅದಕ್ಕೇ ಕೆಳಗೆ ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಇಟ್ಟಿದ್ದು. ಕೈ ಬಿಟ್ಟಾಗಲೂ 2.5 ಕೆ.ಜಿ.ಗಿಂತ ಜಾಸ್ತಿ ಭಾರ ಉಳಿದರೆ ಕೆಂಪು ದೀಪ.

ಪ್ಯಾರಾಮೆಡಿಕ್ ಓದುತ್ತಿರುವ ತಂಗಿ ಅಭ್ಯಾಸ ಶುರು ಮಾಡಿದಳು. "ಅಣ್ಣಾ, ಕೈ ಪೂರ್ತಿ ಬಿಟ್ಟಿದ್ದೀನಿ, ಆದ್ರೂ ಕೆಂಪು ಉರೀತಿದೆ!" ಕೆಂಪು ದೀಪ ಆರಲಿ ಅಂತ ಅವಳ ಗೆಳತಿ ಅಂಗೈಯನ್ನೇ ಎದೆಯಿಂದ ಮೇಲೆತ್ತತೊಡಗಿದಳು. ಪ್ರತಿ ಸಲ ಕೈ ಬೇರೆ ಜಾಗಕ್ಕೆ ಬೀಳುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ಇದೇ ಅಭ್ಯಾಸ ನಾಳೆ ಆಂಬುಲೆನ್ಸ್‌ಗೂ ಹೋಗುತ್ತದೆ, ಅಲ್ವಾ?

ಫೋಮ್ ತೆಗೆದೆ, ಆದರೂ ದೀಪ ಕೆಂಪು. ಸ್ಪ್ರಿಂಗ್ ಬದಲಿಸಲು ಬೆಂಗಳೂರಿನ ಬಿಡಿಭಾಗಗಳ ಬಜಾರು ಎಸ್.ಪಿ. ರೋಡ್ ಸುತ್ತಿದೆ. ಒಂದು ಅಂಗಡಿಯವರು ಒಂದೇ ಪೊಟ್ಟಣದಲ್ಲಿ ಎರಡು ಬಗೆ ಬಿಗಿಯ ಸ್ಪ್ರಿಂಗ್ ಹಾಕಿ ಕೊಟ್ಟರು. ಕೇಳಿದರೆ "ಎಲ್ಲಾ ಒಂದೇ ಸರ್". ಒಂದೇ ಆಗಿದ್ದರೆ ಎದೆ ಯಾಕೆ ಎಡಕ್ಕೆ ವಾಲುತ್ತದೆ?

ಸುಳಿವು ಸಿಕ್ಕಿದ್ದು ನಿಧಾನವಾಗಿ ಒತ್ತಿದಾಗ. ನಿಧಾನಕ್ಕೆ ಹಸಿರು, ವೇಗಕ್ಕೆ ಕೆಂಪು. ಪ್ರತಿ ಅಳತೆಯ ಸಮಯ ಪ್ರಿಂಟ್ ಮಾಡಿ ನೋಡಿದೆ. ಸೆಕೆಂಡಿಗೆ ಬರೀ 10 ಅಳತೆ! ನಿಮಿಷಕ್ಕೆ 110ರ ವೇಗದಲ್ಲಿ ಒಂದು ಒತ್ತಿಗೆ ಐದಾರು ಅಳತೆಯಷ್ಟೇ. ಮೇಲಾಗಿ ಚಿಪ್‌ನೊಳಗಿನ ಫಿಲ್ಟರ್ ಏರಿಳಿತವನ್ನು ಸವರಿಬಿಡುತ್ತದೆ. ಎದೆ ಪೂರ್ತಿ ಬಿಡುಗಡೆಯಾದ ಕ್ಷಣ ಅದಕ್ಕೆ ಕಾಣಿಸುವುದೇ ಇಲ್ಲ. ಈ ಚಿಪ್ ಸೆಕೆಂಡಿಗೆ 80 ಅಳತೆ ಕೊಡಬಲ್ಲದು, ಆದರೆ 15ನೇ ಪಿನ್‌ನ ವೋಲ್ಟೇಜ್ ಮೇಲ್ಮಟ್ಟದಲ್ಲಿರಬೇಕು. ಬೋರ್ಡ್ ಮಾಡಿದವರು ಅದನ್ನು ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟ್‌ಗೆ, ಸೇರಿಸಿಬಿಟ್ಟಿದ್ದಾರೆ. ಮಾರಿದವರು ಮಾತ್ರ "80" ಅಂತ ದಪ್ಪಕ್ಷರದಲ್ಲಿ ಹಾಕಿದ್ದರು!

ಪಿನ್ ಮೆಲ್ಲಗೆ ಎಬ್ಬಿಸಿ ಪಕ್ಕದ 16ನೇ ಪಿನ್‌ಗೆ (ಚಿಪ್‌ಗೆ ವಿದ್ಯುತ್ ಬರುವ ಪಿನ್) ಸಾಲ್ಡರ್ ಮಾಡಿದೆ. 80ರಲ್ಲಿ ಅಳತೆಯ ಅಲುಗಾಟ (ನಾಯ್ಸ್) ಸ್ವಲ್ಪ ಜಾಸ್ತಿ, ಆದರೆ ಕೆ.ಜಿ. ಲೆಕ್ಕದಲ್ಲಿ ಅದು ಏನೂ ಅಲ್ಲ. ತಂಗಿ ಎರಡು ನಿಮಿಷ ಒತ್ತಿದಳು. ಸುಸ್ತಾಗಿ ನಿಜವಾಗಿ ಒರಗಿದಾಗ ಮಾತ್ರ ಕೆಂಪು ಬಂತು.

ಈಗ ತಲೆಯಲ್ಲಿ ಓಡುತ್ತಿರುವುದು ಆಂಬು ಬ್ಯಾಗ್, ಅಂದರೆ ಕೈಯಲ್ಲಿ ಹಿಂಡಿ ಉಸಿರು ಕೊಡುವ ಚೀಲ. ದೊಡ್ಡವರಿಗೆ ಒಂದು ಉಸಿರಿಗೆ 500ರಿಂದ 600 ಮಿ.ಲೀ. ಸಾಕು, ಅದೂ ಒಂದು ಸೆಕೆಂಡ್ ಹಿಡಿದು. ಗಾಬರಿಯಲ್ಲಿ ಬ್ಯಾಗ್ ಪೂರ್ತಿ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗಬಹುದು. ಇದರ ಅಭ್ಯಾಸಕ್ಕೆ ಶ್ವಾಸಕೋಶದ ಬದಲು ಖಾಲಿ 20 ಲೀಟರ್ ನೀರಿನ ಕ್ಯಾನ್! 500 ಮಿ.ಲೀ. ಒಳಗೆ ಹೋದರೆ ಒತ್ತಡ ಸುಮಾರು 25 ಹೆಕ್ಟೊಪಾಸ್ಕಲ್ ಏರುತ್ತದೆ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಬಿಎಂಪಿ280 ಅದನ್ನು ಸುಲಭವಾಗಿ ಹಿಡಿಯುತ್ತದೆ. ಒಂದು ಕ್ಯಾನ್ ಬಿಗಿಯಾದ ಶ್ವಾಸಕೋಶ, ಎರಡು ಜೋಡಿಸಿದರೆ ಮೆತ್ತಗಿನದು. ಮುಚ್ಚಳದಲ್ಲಿ ಗಾಳಿ ಸೋರದಂತೆ ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ.